ಸೈಕಲ್ ಬಂದ ಮೇಲೆ ಹೆಸರು

ಸಿನಿಮಾ ತೋರಿಸುತ್ತೇವೆ ಎಂದು ಊರೂರು ತಿರುಗುವವರಿಗೆ ಸಿನಿಮಾ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನಡೆಯುತ್ತದೆ. ಒಂದೂರಲ್ಲಿ ಆದದ್ದು ಇನ್ನೊಂದೂರಲ್ಲಿ ಆಗದಿರಲಿ ಎಂದು ನಾವು ಜಾಗ್ರತೆ ವಹಿಸುತ್ತೇವೆ. ಅಷ್ಟರಲ್ಲಿ ಆ ಊರಿನವರು ತಮ್ಮದೇ ಹೊಸದೊಂದನ್ನು ಸಿದ್ಧಮಾಡಿ ಇಟ್ಟುಕೊಂಡಿರುತ್ತಾರೆ.

ನಾನು ಕೋಲಾರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮ ಕಡೆಯ ಕೆಲವು ಮೇಷ್ಟ್ರುಗಳು ಸೇರಿ ಒಂದು ವಿಜ್ಞಾನ ಬಳಗ ಮಾಡಿಕೊಂಡಿದ್ದೇವೆ. ರಾಕೆಟ್ ಹುಟ್ಟಿ ಬೆಳೆದ ಕಥೆಯನ್ನು ಹೇಳುವ ನಲವತ್ತು ನಿಮಿಷದ ಸಾಕ್ಷ್ಯಚಿತ್ರವೊಂದು ಬಳಗದ ಕೈಗೆ ಬಂತು. ಇಂಗ್ಲಿಷಿನಲ್ಲಿತ್ತು. ಕನ್ನಡದ ಮಾತು ಕೂರಿಸಿ ಜಿಲ್ಲೆಯ ಊರುಗಳಲ್ಲಿ ತೋರಿಸೋಣ ಎಂದು ತೀರ್ಮಾನವಾಯಿತು. ಧ್ವನಿ ಯಾರದು ಎಂದಾಗ ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಧ್ವನಿ ಚೆನ್ನಾಗಿದೆ ಎಂದಲ್ಲ, ಮೈಕ್ ಕೆಟ್ಟರೂ ಕೇಳಿಸುತ್ತದೆ ಎಂದು.

ಬಚ್ಚಲುಮನೆಯಲ್ಲಿ ನಿಂತು ಅಭ್ಯಾಸ ಮಾಡಿದೆ. ನಾನು ಕಲಿಯುವ ಮೊದಲೇ ನನ್ನ ಹೆಂಡತಿಗೆ ಬಾಯಿಪಾಠವಾಯಿತು. ಮೊದಲು ಚೀನಾದವರ ಬಿದಿರು ಕೊಳವೆ, ಆಮೇಲೆ ಮೈಸೂರು ಸೈನ್ಯದ ಕಬ್ಬಿಣದ ಬಾಣ, ಅದಾದ ಮೇಲೆ ಕೂತಲ್ಲೇ ಲೆಕ್ಕ ಹಾಕಿ ಆಕಾಶಕ್ಕೆ ದಾರಿ ತೋರಿಸಿದ ರಷ್ಯಾದ ಸ್ಕೂಲ್ ಮೇಷ್ಟ್ರು, ಪಾಪ, ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ನಂತರ ಅತ್ತೆಯ ತೋಟದಲ್ಲಿ ರಾಕೆಟ್ ಹಾರಿಸಿ ಎಲೆಕೋಸಿನ ಮೇಲೆ ಬೀಳಿಸಿದ ಅಮೆರಿಕದ ಪ್ರೊಫೆಸರು. ಆಮೇಲೆ ಒಂದಾದ ಮೇಲೊಂದು ಸಿಡಿದು ಹೋಗುವ ರಾಕೆಟ್ಟುಗಳು. ಕೊನೆಗೆ ಕೇರಳದ ಕಡಲ ತೀರದಲ್ಲಿ ಸೈಕಲ್ ಕ್ಯಾರಿಯರ್ ಮೇಲೆ ರಾಕೆಟ್ಟಿನ ಮೂತಿ ಇಟ್ಟುಕೊಂಡು ತಳ್ಳಿಕೊಂಡು ಹೋಗುವವರು. ನಾನು ಸ್ನಾನಕ್ಕೆ ಹೋದರೆ ಅವಳು ಅಡುಗೆಮನೆಯಿಂದಲೇ, "ಮೈಸೂರಾಯ್ತಲ್ಲ, ಬೇಗ ರಷ್ಯಾಕ್ಕೆ ಬನ್ನಿ, ನೀರು ತಣ್ಣಗಾಗತ್ತೆ" ಅನ್ನುತ್ತಿದ್ದಳು.

ಎಲ್ಲ ಮುಗಿದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ. ಹೆಸರು ಹಾಕುತ್ತಾರಾ? ಹಾಕುತ್ತಾರೆ ಎಂದೆ. ಸೈಕಲ್ಲು ತಿರುವಿನಲ್ಲಿ ಮರೆಯಾದ ಮೇಲೆ ತೆರೆ ಕಪ್ಪಗಾಗುತ್ತದೆ, ಬಿಳಿ ಅಕ್ಷರದಲ್ಲಿ ‘ಕನ್ನಡ ನಿರೂಪಣೆ’ ಎಂದು ಬಂದು ಅದರ ಕೆಳಗೆ ನನ್ನ ಹೆಸರು ಬರುತ್ತದೆ. ಎರಡು ಸಲ ಕಣ್ಣು ಮಿಟುಕಿಸುವಷ್ಟು ಹೊತ್ತು ಇರುತ್ತದೆ. ಬೇಕಾದರೆ ಪೆನ್‌ಡ್ರೈವ್ ಮನೆಗೇ ತಂದು ತೋರಿಸುತ್ತೇನೆ ಎಂದೆ. ಅವಳಿಗೆ ಅದು ಬೇಡ.

"ಮನೇಲಿ ಕೂತು ನೋಡೋದಾದ್ರೆ ನಿಮ್ಮ ಹೆಸರು ರೇಷನ್ ಕಾರ್ಡಲ್ಲೂ ಇದೆ. ನಾಲ್ಕು ಜನರ ಮಧ್ಯೆ ನೋಡ್ಬೇಕು" ಅಂದಳು.

ಇದಕ್ಕೊಂದು ಹಿನ್ನೆಲೆ ಇದೆ. ಅವಳ ತವರು ಶ್ರೀನಿವಾಸಪುರ. ಅವಳ ಅಣ್ಣನಿಗೆ ಅಲ್ಲಿ ಮಾವಿನ ಮಂಡಿ ಇದೆ. ನಾನು ಹೆಣ್ಣು ನೋಡಲು ಹೋದ ದಿನ ಅವರು ಒಳಗೆ ಹೋಗಿ, ಹುಡುಗ ಒಳ್ಳೆಯವನೇ, ಆದರೆ ಮೇಷ್ಟ್ರು, ಹೆಸರು ಮಾಡುವ ಪೈಕಿ ಅಲ್ಲ ಎಂದಿದ್ದರಂತೆ. ಮದುವೆಯಾಗಿ ಮಗಳು ಕಾಲೇಜು ಮುಗಿಸುವ ಹೊತ್ತಾಯಿತು. ಆ ಮಾತನ್ನು ನಾನು ಮರೆತಿದ್ದೆ. ಆಡಿದ ಭಾವನೂ ಮರೆತಿದ್ದರು. ಅವಳು ಮರೆತಿರಲಿಲ್ಲ. ಪ್ರದರ್ಶನಗಳ ಸಾಲಿನಲ್ಲಿ ಕೊನೆಯದು ಶ್ರೀನಿವಾಸಪುರ ಎಂದು ತಿಳಿದ ದಿನ ಅವಳು ಅಣ್ಣನಿಗೆ ಫೋನ್ ಮಾಡಿ, ಇವರ ಹೆಸರು ಗೋಡೆ ಅಗಲ ಬರುತ್ತದೆ, ಎಲ್ಲರನ್ನೂ ಕರೆದುಕೊಂಡು ಬಾ ಎಂದುಬಿಟ್ಟಳು. ಅದಕ್ಕೂ ಮುಂಚೆ ತಾನೊಮ್ಮೆ ಸರಿಯಾಗಿ ನೋಡಿಕೊಂಡಿರಬೇಕು ಎಂದು ಪ್ರತಿ ಊರಿಗೂ ನನ್ನ ಜೊತೆ ಹೊರಟಳು.

ನಮ್ಮ ಜೊತೆ ಇನ್ನೊಬ್ಬರು ಖಾಯಂ ಇದ್ದರು. ಸೌಂಡ್ ಸರ್ವೀಸಿನ ಭಾಯಿ. ಪ್ರೊಜೆಕ್ಟರು, ಸ್ಪೀಕರು, ಜನರೇಟರು ಎಲ್ಲ ಅವರದೇ. ಅವರಿಗೆ ಎರಡು ನಿಯಮ. ಒಂದು, ಪಬ್ಲಿಕ್ ಕೇಳಿದ್ದಕ್ಕೆ ಇಲ್ಲ ಅನ್ನಬಾರದು. ಎರಡು, ಮೈಕಿನಲ್ಲಿ ‘ಧನ್ಯವಾದ’ ಎಂಬ ಮಾತು ಕೇಳಿಸಿತೋ, ಮರುಗಳಿಗೆಯೇ ವೈರು ಸುತ್ತಲು ಶುರುಮಾಡಬೇಕು.

೧. ಚೀನಾದವರಿಗೆ ಮೂರು ಸಲ

ಮೊದಲ ಪ್ರದರ್ಶನ ಕೋಲಾರದ ಒಂದು ಸಭಾಂಗಣದಲ್ಲಿ, ಮಧ್ಯಾಹ್ನ. ಬಳಗದ ಅಧ್ಯಕ್ಷರು ನಾಲ್ಕು ಜನ ಮುಖ್ಯ ಅತಿಥಿಗಳನ್ನು ಕರೆದಿದ್ದರು. ಒಬ್ಬರನ್ನು ಕರೆದರೆ ಮೂವರಿಗೆ ಬೇಜಾರು ಎಂಬುದು ಅವರ ಲೆಕ್ಕ. ನಮ್ಮಲ್ಲಿ ಅತಿಥಿಗಳು ಒಟ್ಟಿಗೆ ಬರುವುದಿಲ್ಲ. ಮೊದಲು ಬಂದರೆ ಕಾಯಬೇಕಾಗುತ್ತದೆ ಎಂದು ಒಬ್ಬೊಬ್ಬರೂ ಇನ್ನೊಬ್ಬರು ಬರಲಿ ಎಂದು ಮನೆಯಲ್ಲೇ ಕಾಯುತ್ತಾರೆ.

ಒಬ್ಬರು ಬಂದರು. ದೀಪ ಹಚ್ಚಿ ಚಿತ್ರ ಶುರುಮಾಡಿದೆವು. ಚೀನಾದವರು ಬಿದಿರಿಗೆ ಮದ್ದು ತುಂಬಿ ಬತ್ತಿ ಹಚ್ಚಿದರು. ಅದು ಸುಯ್ಯೆಂದು ಮೇಲೇರುವಷ್ಟರಲ್ಲಿ ಎರಡನೆಯವರು ಬಂದರು. ದೀಪ ಹಾಕಿ, ಹಾರ ಹಾಕಿ, ಎರಡು ಮಾತು ಆಡಿಸಿದ ಮೇಲೆ ಅಧ್ಯಕ್ಷರು ಭಾಯಿಗೆ, ಅತಿಥಿಗಳು ಮೊದಲಿಂದ ನೋಡಿಲ್ಲವಲ್ಲ, ತಿರುಗಿ ಶುರುಮಾಡಿ ಎಂದರು. ಚೀನಾದವರು ಇನ್ನೊಮ್ಮೆ ಮದ್ದು ತುಂಬಿದರು. ಮೂರನೆಯವರು ಬಂದರು. ಚೀನಾದವರು ಮತ್ತೂ ಒಮ್ಮೆ ತುಂಬಿದರು. ಹಿಂದಿನ ಸಾಲಿನ ಹೈಸ್ಕೂಲ್ ಹುಡುಗಿಯರು ಅಷ್ಟು ಹೊತ್ತಿಗೆ ನನ್ನ ಜೊತೆಗೇ ನಿರೂಪಣೆ ಹೇಳಲು ಕಲಿತಿದ್ದರು.

ನಾಲ್ಕನೆಯವರು ಬರುವಾಗ ಚಿತ್ರ ಮೈಸೂರಿಗೆ ಬಂದಿತ್ತು. ಇವರು ಸಜ್ಜನರು. ನನಗಾಗಿ ಮೊದಲಿಂದ ಬೇಡ, ನಡೆದಲ್ಲಿಂದಲೇ ನಡೆಯಲಿ ಎಂದರು. ನನಗೆ ಅವರ ಕಾಲು ಹಿಡಿಯಬೇಕು ಅನ್ನಿಸಿತು. ಆದರೆ ನೋಡದೆ ಬಿಟ್ಟ ಭಾಗವನ್ನು ಅವರು ಭಾಷಣದಲ್ಲಿ ತಾವೇ ಊಹಿಸಿ ಹೇಳಿದರು. ಅದು ಚಿತ್ರಕ್ಕಿಂತ ಉದ್ದವಿತ್ತು. ಮೈಸೂರಿನ ಬಾಣ ಕಡೆಗೂ ಹೊರಟಾಗ ಸಭಾಂಗಣದ ಮ್ಯಾನೇಜರ್ ಬಂದು, ಸಂಜೆ ನಿಶ್ಚಿತಾರ್ಥ ಇದೆ, ಹೂವಿನವರು ಬಂದಿದ್ದಾರೆ ಎಂದರು. ಒಂದು ಕಡೆ ಬಾಣಗಳು ಶತ್ರುಗಳ ಮೇಲೆ ಬೀಳುತ್ತಿದ್ದವು, ಇನ್ನೊಂದು ಕಡೆ ಇಬ್ಬರು ಏಣಿ ಹತ್ತಿ ತೆರೆಯ ಸುತ್ತ ಚೆಂಡುಹೂವಿನ ಸರ ಕಟ್ಟುತ್ತಿದ್ದರು. ಅಧ್ಯಕ್ಷರು ಧನ್ಯವಾದ ಹೇಳಿದರು. ಭಾಯಿ ವೈರು ಸುತ್ತಿದರು.

ಬಾಗಿಲಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ಟರು ನನ್ನ ಕೈ ಹಿಡಿದು, "ಚಿತ್ರ ಚೆನ್ನಾಗಿದೆ. ಆದ್ರೆ ಚೀನಾದವರಿಗೆ ಮೂರು ಚಾನ್ಸು, ನಮ್ಮ ಮೈಸೂರಿಗೆ ಅರ್ಧ. ಇದು ಪಕ್ಷಪಾತ ಮೇಷ್ಟ್ರೇ" ಅಂದರು.

೨. ಹುತ್ತೂರಿನ ಮೂಕಿ ಚಿತ್ರ

ಹುತ್ತೂರಿಗೆ ಹೋಗುವಾಗ ಅತಿಥಿಗಳೇ ಬೇಡ ಎಂದು ನಿರ್ಧರಿಸಿದ್ದೆವು. ಅದೇ ಉತ್ಸಾಹದಲ್ಲಿ ತೆರೆಯ ಬಟ್ಟೆಯನ್ನೂ ಕೋಲಾರದಲ್ಲೇ ಬಿಟ್ಟು ಹೋದೆವು. ಊರಿನ ರೇಷ್ಮೆ ಬೆಳೆಗಾರರೊಬ್ಬರು ದೊಡ್ಡ ಮನಸ್ಸು ಮಾಡಿ, ನಮ್ಮ ಹುಳದ ಮನೆಗೆ ಈಗತಾನೆ ಸುಣ್ಣ ಹೊಡೆಸಿದ್ದೇನೆ, ಗೋಡೆ ಉಪಯೋಗಿಸಿಕೊಳ್ಳಿ ಎಂದರು. ಒಂದೇ ಷರತ್ತು. ಒಳಗೆ ಹುಳಗಳು ಹಣ್ಣಾಗುವ ಹೊತ್ತು, ಇಂದೋ ನಾಳೆಯೋ ಗೂಡು ಕಟ್ಟುತ್ತವೆ, ಆದ್ದರಿಂದ ಶಬ್ದ ಮಾಡಬಾರದು.

ಸ್ಪೀಕರ್ ಬಂದ್ ಮಾಡಿದೆವು. ನಾನೇ ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳುತ್ತೇನೆ ಎಂದೆ. ಎರಡನೆಯ ವಾಕ್ಯಕ್ಕೇ ಬೆಳೆಗಾರರು ಬೆರಳನ್ನು ತುಟಿಯ ಮೇಲೆ ಇಟ್ಟುಕೊಂಡು ಓಡಿ ಬಂದರು. ಮೇಷ್ಟ್ರ ಗಂಟಲಿಗೆ ಮೆಲ್ಲಗೆ ಎಂಬುದು ಬರುವುದಿಲ್ಲ. ಹೀಗಾಗಿ ಚೀನಾದ ಮದ್ದು ಸದ್ದಿಲ್ಲದೆ ಸಿಡಿಯಿತು, ಮೈಸೂರಿನ ಬಾಣ ಸದ್ದಿಲ್ಲದೆ ಹಾರಿತು. ಊರಿನವರು ಜಗಲಿಯಲ್ಲಿ, ಟ್ರ್ಯಾಕ್ಟರಿನ ಮೇಲೆ ಕೂತು ಬಹಳ ಶಾಂತವಾಗಿ ನೋಡಿದರು. ಕಿವಿ ಕೇಳಿಸದ ರಷ್ಯಾದ ಮೇಷ್ಟ್ರ ಕಥೆಯನ್ನು ಅವರಿಗೆ ಕೇಳಿಸಿದಷ್ಟೇ ಕೇಳಿಸುವಂತೆ ತೋರಿಸಿದವರು ಪ್ರಪಂಚದಲ್ಲಿ ನಾವೊಬ್ಬರೇ ಇರಬೇಕು. ನನ್ನ ಹೆಂಡತಿ ಮಾತ್ರ ಬಾಯಲ್ಲೇ ನಿರೂಪಣೆ ಹೇಳಿಕೊಳ್ಳುತ್ತಿದ್ದಳು.

ಆಗ ಬೆಳೆಗಾರರ ಹೆಂಡತಿ ಬಾಗಿಲಿಗೆ ಬಂದು, "ಹಣ್ಣಾದ್ವು" ಅಂದರು. ಒಂದೇ ಮಾತು. ಇಡೀ ಪ್ರೇಕ್ಷಕ ವರ್ಗ ಎದ್ದು ಒಳಗೆ ಹೋಯಿತು. ಹುಳ ಹಣ್ಣಾದವೆಂದರೆ ಒಂದೊಂದನ್ನೂ ಆರಿಸಿ ಚಂದ್ರಿಕೆ ಎಂಬ ಬಿದಿರ ತಟ್ಟೆಗೆ ಬಿಡಬೇಕು, ತಡಮಾಡಿದರೆ ಕಸದಲ್ಲೇ ಗೂಡು ಕಟ್ಟಿಬಿಡುತ್ತವೆ. ಅಂಥ ಹೊತ್ತಿನಲ್ಲಿ ಯಾರ ಮನೆಯ ಹುಳವಾದರೂ ಊರೆಲ್ಲ ಕೈಹಾಕುವುದು ಅಲ್ಲಿಯ ಪದ್ಧತಿ. ನಾವಿಬ್ಬರೂ ಕೈಕಾಲು ತೊಳೆದುಕೊಂಡು ಹುಳ ಆರಿಸಲು ಕೂತೆವು. ಹೊರಗೆ ಯಾರೂ ಇಲ್ಲದ ಅಂಗಳಕ್ಕೆ ರಷ್ಯಾದ ಮೇಷ್ಟ್ರು ಇನ್ನಷ್ಟು ಹೊತ್ತು ಪಾಠ ಮಾಡಿದರು. ಭಾಯಿ ಆಮೇಲೆ ಹೋಗಿ ಪ್ರೊಜೆಕ್ಟರ್ ಆರಿಸಿ ಬಂದರು.

ಹುಳಗಳು ಚಂದ್ರಿಕೆ ಹತ್ತುವುದನ್ನು ನೋಡುತ್ತ ಹೆಂಡತಿ ಹೇಳಿದಳು, "ನಿಮ್ಮ ರಾಕೆಟ್‌ಗಿಂತ ಇವೇ ವಾಸಿ. ಹೊತ್ತಿಗೆ ಸರಿಯಾಗಿ ಮೇಲೆ ಹೋಗ್ತವೆ."

೩. ಸೋದರತ್ತೆಯ ಎಲೆಕೋಸು

ಮೂರನೆಯದು ಮಾಲೂರು ತಾಲ್ಲೂಕಿನ ಟೇಕಲ್. ಈ ಸಲ ತೆರೆ ಇತ್ತು, ಸದ್ದೂ ಇತ್ತು. ವ್ಯವಸ್ಥೆ ವಹಿಸಿಕೊಂಡವನು ಪಂಚಾಯ್ತಿ ಮೆಂಬರೊಬ್ಬ, ಚುರುಕಾದ ಯುವಕ. ಸ್ಕೂಲಿನ ಮೈದಾನಕ್ಕೆ ಟ್ರ್ಯಾಕ್ಟರಿನಲ್ಲಿ ಕುರ್ಚಿ, ತೆರೆಯ ಕಂಬ ಎಲ್ಲವನ್ನೂ ಹೇಳಿದ ಹೊತ್ತಿಗೆ ತಂದಿಳಿಸಿದ್ದ. ಮೈದಾನದ ಗೇಟು ಚಿಕ್ಕದು, ಟ್ರ್ಯಾಕ್ಟರು ಹೇಗೆ ಬಂತು ಎಂದು ಕೇಳಿದೆ. ಅದೆಲ್ಲ ಅಡ್ಜಸ್ಟ್ ಮಾಡಿದ್ದೇನೆ ಸಾರ್, ನೀವು ತಲೆ ಕೆಡಿಸಿಕೊಳ್ಳಬೇಡಿ ಎಂದ.

ಜನ ತುಂಬಿದ್ದರು. ಚೀನಾ ಒಂದೇ ಸಲಕ್ಕೆ ಮುಗಿಯಿತು. ಮೈಸೂರಿಗೆ ಚಪ್ಪಾಳೆ ಬಿತ್ತು. ರಷ್ಯಾ ದಾಟಿತು. ಹೆಂಡತಿ ನನ್ನ ಕಡೆ ತಿರುಗಿ ನಕ್ಕಳು. ಅಮೆರಿಕದ ಪ್ರೊಫೆಸರು ಬಂದರು. ಸ್ಪೀಕರಿನಲ್ಲಿ ನನ್ನ ಧ್ವನಿ ಗಂಭೀರವಾಗಿ ಹೇಳಿತು: ಪ್ರೊಫೆಸರು ತಮ್ಮ ಅತ್ತೆಯ ತೋಟದಲ್ಲಿ ರಾಕೆಟ್ ನಿಲ್ಲಿಸಿದರು, ಅದು ಸ್ವಲ್ಪ ದೂರ ಹಾರಿ ಎಲೆಕೋಸಿನ ಪಾತಿಯಲ್ಲಿ ಬಿತ್ತು, ಅಲ್ಲಿಗೆ ಹೊಸ ಯುಗ ಆರಂಭವಾಯಿತು.

ಟೇಕಲ್ಲಿನವರಿಗೆ ಯುಗ ಬೇಡವಾಗಿತ್ತು. ಅವರೆಲ್ಲ ಕೋಸು ಬೆಳೆಯುವವರು. ಮುಂದಿನ ಸಾಲಿನಲ್ಲಿದ್ದ ಹಿರಿಯರು ಎದ್ದು ನಿಂತು, ಎಷ್ಟು ಗಡ್ಡೆ ಹೋದವು ಎಂದು ಕೇಳಿದರು. ಅದು ಚಿತ್ರದಲ್ಲಿ ಇಲ್ಲ ಎಂದೆ. ಕೋಸು ಕಟ್ಟಿತ್ತಾ, ಇನ್ನೂ ಎಲೆಯಲ್ಲಿತ್ತಾ ಎಂದು ಇನ್ನೊಬ್ಬರು. ಅದೂ ಗೊತ್ತಿಲ್ಲ ಎಂದೆ. ಮುಖ್ಯವಾದದ್ದನ್ನೇ ಬಿಟ್ಟಿದ್ದಾರೆ ಎಂದು ಜನ ಗೊಣಗಿದರು. ಆಗ ಹೆಂಗಸರ ಕಡೆಯಿಂದ ಒಬ್ಬ ದೃಢವಾದ ಹೆಣ್ಣುಮಗಳು ಎದ್ದರು. ಅವರು ಮೆಂಬರನ ಸೋದರತ್ತೆ. ಮೈದಾನದ ಪಕ್ಕದ ಕೋಸಿನ ತೋಟ ಅವರದು.

"ಆ ಅತ್ತೆ ಏನೂ ಅನ್ಲಿಲ್ವಾ ಸಾ?" ಎಂದು ಕೇಳಿದರು.

ಅತ್ತೆ ಅನುಮತಿ ಕೊಟ್ಟಿದ್ದರು ಎಂದೆ. "ಕೇಳಿ ಮಾಡಿದ ಅಂತಾಯ್ತು" ಎಂದು ಅವರು ಮೆಂಬರನ ಕಡೆ ತಿರುಗಿದರು. ಮೆಂಬರು ಮೊಬೈಲು ನೋಡತೊಡಗಿದ. ಪಕ್ಕದಲ್ಲಿದ್ದವರು ಯಾರೋ ಟಾರ್ಚ್ ತೆಗೆದುಕೊಂಡು ಬೇಲಿಯತ್ತ ಹೋದರು. ಟ್ರ್ಯಾಕ್ಟರು ಮೈದಾನಕ್ಕೆ ಹೇಗೆ ಬಂದಿತ್ತು ಎಂಬ ನನ್ನ ಪ್ರಶ್ನೆಗೆ ಆಗ ಉತ್ತರ ಸಿಕ್ಕಿತು. ಬೇಲಿ ಬಿಚ್ಚಿ, ಅತ್ತೆಯ ತೋಟದ ಮೂಲೆಯನ್ನು ಅಡ್ಡಡ್ಡ ದಾಟಿ ಬಂದಿತ್ತು.

ಅರ್ಧ ಊರು ಎದ್ದು ತೋಟ ನೋಡಲು ಹೋಯಿತು. ಉಳಿದರ್ಧ ಪಂಚಾಯಿತಿಗೆ ಕೂತಿತು, ಚಿತ್ರ ಅಲ್ಲಿಗೇ ನಿಂತಿತು. ಮೆಂಬರು, ಇದೆಲ್ಲ ಮಕ್ಕಳಿಗೆ ವಿಜ್ಞಾನ ತಿಳಿಯಲಿ ಅಂತ ಮಾಡಿದ್ದು ಅತ್ತೆ, ಅಮೆರಿಕದಲ್ಲೂ ಹಿಂಗೇ ಆಗಿದೆ ನೋಡು ಎಂದು ತೆರೆಯ ಕಡೆ ಕೈ ತೋರಿಸಿದ. ಬಾಯಿ ಮುಚ್ಚಿಕೊಂಡಿದ್ದರೆ ಉಳಿಯುತ್ತಿದ್ದ. ಅತ್ತೆ ತೆರೆಯನ್ನೊಮ್ಮೆ, ಕುರ್ಚಿಗಳನ್ನೊಮ್ಮೆ ನೋಡಿದರು.

"ಲೇ, ಅವನು ಅತ್ತೆ ತೋಟ ಹಾಳ್ಮಾಡಿದ್ದು ಆಕಾಶಕ್ಕೆ ಹೋಗಕ್ಕೆ. ನೀನು ಹಾಳ್ಮಾಡಿದ್ದು ಪ್ಲಾಸ್ಟಿಕ್ ಚೇರು ತರಕ್ಕೆ ಕಣೋ."

ಕುರ್ಚಿ ಒಯ್ಯಲು ಟ್ರ್ಯಾಕ್ಟರು ಮತ್ತೆ ತೋಟ ದಾಟಿ ಬರಕೂಡದು ಎಂದು ತೀರ್ಪಾಯಿತು. ಅವತ್ತು ಚಿತ್ರ ನೋಡಲು ಬಂದವರೆಲ್ಲ ತಂತಮ್ಮ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಚಿಕ್ಕ ಗೇಟಿನಲ್ಲಿ ಸಾಲಾಗಿ ಹೋದರು. ಮುಖ್ಯ ಅತಿಥಿ ಎಂದು ನನಗೆ ಎರಡು ಕೊಟ್ಟರು.

೪. ಸತ್ತವರು ಎದ್ದು ಬರುವ ಊರು

ಮುಳಬಾಗಿಲು ಕಡೆಯ ದೇವರಾಯಸಮುದ್ರದಲ್ಲಿ ಅತಿಥಿ ಇರಲಿಲ್ಲ, ಹುಳ ಇರಲಿಲ್ಲ, ಕೋಸಿನ ಮಧ್ಯೆ ದಾರಿಯೂ ಇರಲಿಲ್ಲ. ಕರೆಂಟ್ ಹೋದರೆ ಎಂದು ಭಾಯಿಯ ಜನರೇಟರನ್ನೇ ಶುರುವಿಂದ ಓಡಿಸಿದೆವು. ಮೈಸೂರಿನ ಭಾಗ ಮುಗಿಯುವ ಹೊತ್ತಿಗೆ ಹಿರಿಯರೊಬ್ಬರು ಬಂದು, ಕನ್ನಡ ಅರ್ಥ ಆಗುತ್ತೆ ಸಾರ್, ಆದರೆ ಯುದ್ಧದ ವಿಷಯ ತೆಲುಗಿನಲ್ಲಿ ಕೇಳಿದರೇ ಮಜಾ ಎಂದರು. ಆ ಊರಿನ ನಾಟಕದ ಮೇಷ್ಟ್ರು ಅಲ್ಲೇ ಕೂತಿದ್ದರು. ಪೌರಾಣಿಕ ನಾಟಕ ಕಲಿಸುವವರು. ಪಬ್ಲಿಕ್ ಕೇಳಿತೆಂದು ಭಾಯಿ ನನ್ನ ಧ್ವನಿಯನ್ನು ತಗ್ಗಿಸಿ ಮೈಕನ್ನು ಅವರ ಕೈಗೆ ಕೊಟ್ಟರು. ನನ್ನ ಹೆಂಡತಿ ಭಾಯಿಯನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ.

ನಿಜ ಹೇಳಬೇಕೆಂದರೆ ನಾಟಕದ ಮೇಷ್ಟ್ರು ನನಗಿಂತ ಚೆನ್ನಾಗಿ ಹೇಳಿದರು. ರಾಕೆಟ್ಟು ಮೇಲೆದ್ದರೆ, "ಅದಿಗೋ ಲೇಚೆ, ಅದಿಗೋ ಪೋಯೆ" ಎಂದು ರಾಗ ಎಳೆದರು. ಎದ್ದಿತು, ಹೋಯಿತು ಎಂದಷ್ಟೇ ಅರ್ಥ, ಆದರೆ ಕೂತವರ ಕತ್ತು ತಾನಾಗಿ ಮೇಲೆ ಹೋಗುತ್ತಿತ್ತು. ಎಲೆಕೋಸಿನ ಅತ್ತೆ ಅವರ ಬಾಯಲ್ಲಿ ಮಹಾತ್ಯಾಗಿಯಾದಳು. ಆಮೇಲೆ ಸಿಡಿಯುವ ರಾಕೆಟ್ಟುಗಳ ಸರದಿ. ಒಂದು ದಪ್ಪ ರಾಕೆಟ್ಟು ಒಂದಾಳೆತ್ತರ ಎದ್ದು, ಯೋಚನೆ ಮಾಡಿದಂತೆ ನಿಂತು, ಪಕ್ಕಕ್ಕೆ ವಾಲಿ ಭಗ್ಗೆಂದು ಉರಿದುಹೋಯಿತು. ಮೇಷ್ಟ್ರು, "ಅಯ್ಯೋ ಪಡಿಪೋಯೆ", ಬಿದ್ದೇಹೋಯಿತಲ್ಲ ಎಂದು ಅದರ ಸಾವಿಗೆ ಒಂದು ಪದ್ಯವನ್ನೇ ಕಟ್ಟಿ ಹಾಡಿದರು.

ಜನ ಒಟ್ಟಿಗೆ, "ವನ್ಸ್ ಮೋರ್" ಎಂದರು.

ನಮ್ಮ ಕಡೆಯ ನಾಟಕ ನೋಡಿದವರಿಗೆ ಇದು ಗೊತ್ತು. ತೊಡೆ ಮುರಿದು ಬಿದ್ದ ಕೌರವನ ಕೊನೆಯ ಪದ್ಯ ಚೆನ್ನಾಗಿದ್ದರೆ ವನ್ಸ್ ಮೋರ್ ಎನ್ನುತ್ತಾರೆ. ಸತ್ತವನು ಎದ್ದು, ಮೀಸೆ ಸರಿಮಾಡಿಕೊಂಡು, ಪದ್ಯ ಹೇಳಿ ಮತ್ತೆ ಸಾಯುತ್ತಾನೆ. ಪದ್ಯ ಇನ್ನೂ ಚೆನ್ನಾಗಿದ್ದರೆ ಇನ್ನೊಮ್ಮೆ ಸಾಯುತ್ತಾನೆ. ಭಾಯಿ ಪಬ್ಲಿಕ್ಕಿನ ಮಾತಿಗೆ ಇಲ್ಲ ಅನ್ನುವವರಲ್ಲ. ಉರಿದು ಬೂದಿಯಾಗಿದ್ದ ರಾಕೆಟ್ಟು ತಿರುಗಿ ಎದ್ದು ನಿಂತಿತು, ಪದ್ಯಕ್ಕೆ ಸರಿಯಾಗಿ ಬಿತ್ತು. ಮತ್ತೆ ವನ್ಸ್ ಮೋರ್. ಹಾಗೆ ಆ ಬಡಪಾಯಿ ರಾಕೆಟ್ಟು ಎಷ್ಟು ಸಲ ಸತ್ತಿತೋ ಲೆಕ್ಕ ಇಡಲಿಲ್ಲ. ಕೊನೆಕೊನೆಗೆ ನನ್ನ ಹೆಂಡತಿಯೂ ಸೆರಗು ಬಾಯಿಗೆ ಹಿಡಿದುಕೊಂಡು ನಗುತ್ತಿದ್ದಳು.

ಅಂತೂ ಕೇರಳದ ಕಡಲು ಬಂತು. ತೆಂಗಿನ ಮರಗಳ ಕೆಳಗೆ ಸೈಕಲ್ಲು ಬಂತು. ಹೆಂಡತಿ ನಗು ನಿಲ್ಲಿಸಿ ನೆಟ್ಟಗೆ ಕೂತಳು. ಸೈಕಲ್ಲು ತಿರುವಿನ ಹತ್ತಿರ ಬಂದಿತು, ಜನರೇಟರ್ ಎರಡು ಸಲ ಕೆಮ್ಮಿತು, ಎಲ್ಲ ಕತ್ತಲಾಯಿತು. ಡೀಸೆಲೆಲ್ಲ ಆ ರಾಕೆಟ್ಟಿನ ಉತ್ತರಕ್ರಿಯೆಗೇ ಖರ್ಚಾಗಿತ್ತು. ಊರಲ್ಲಿ ಕರೆಂಟೂ ಇರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ.

ಜನ ಚಪ್ಪಾಳೆ ತಟ್ಟಿ ಎದ್ದರು. ಹೆಂಡತಿಯ ಪಕ್ಕ ಕೂತಿದ್ದ ಒಬ್ಬ ಅಜ್ಜಿ ಮಾತ್ರ ಏಳಲಿಲ್ಲ. "ಆ ಸೈಕಲಾಯಪ್ಪ ಇಂಟಿಕಿ ಚೇರಿನಾಡಾ ಅಮ್ಮಾ?" ಎಂದು ಕೇಳಿದರು. ಪಾಪ, ಅಷ್ಟು ಭಾರ ಹೊತ್ತವನು ಮನೆ ಸೇರಿದನೋ ಇಲ್ಲವೋ ಎಂಬುದು ಅವರ ಚಿಂತೆ.

ಹೆಂಡತಿ ನಿಟ್ಟುಸಿರು ಬಿಟ್ಟು, "ಭಾನುವಾರ ಶ್ರೀನಿವಾಸಪುರಕ್ಕೆ ಬನ್ನಿ ಅಜ್ಜಿ. ಅಲ್ಲಿಗೆ ಸೇರ್ತಾನೆ" ಅಂದಳು.

೫. ಅಳಿಯಂದಿರು ವೇದಿಕೆಗೆ

ಇನ್ನು ಉಳಿದದ್ದು ಒಂದೇ ಪ್ರದರ್ಶನ. ಇಲ್ಲಿ ತಪ್ಪಿದರೆ ಹೆಸರು ಹೋಯಿತು, ಅದೂ ತವರಿನವರ ಎದುರಿಗೆ. ಹೆಂಡತಿ ಬೆಳಿಗ್ಗೆಯೇ ಭಾಯಿಗೆ ಫೋನ್ ಮಾಡಿದಳು. ಯಾರು ತಡವಾಗಿ ಬಂದರೂ ಮೊದಲಿಂದ ಹಾಕಬಾರದು. ಯಾರು ಕೇಳಿದರೂ ಮೈಕ್ ಕೊಡಬಾರದು. ಸತ್ತ ರಾಕೆಟ್ಟು ಏಳಬಾರದು. ಡೀಸೆಲ್ ಒಂದು ಕ್ಯಾನ್ ಹೆಚ್ಚಿಗೆ ಇರಬೇಕು. ಭಾಯಿ ಎಲ್ಲದಕ್ಕೂ, "ಫಿಕರ್ ಮಾಡ್ಬೇಡಿ ಮೇಡಂ" ಅಂದರು.

ಪ್ರದರ್ಶನ ಭಾವನ ಮಂಡಿಯ ಅಂಗಳದಲ್ಲಿ. ಹಣ್ಣಿನ ಕಾಲವಲ್ಲವಾದ್ದರಿಂದ ಅಂಗಳ ಖಾಲಿಯಿತ್ತು. ಗುಡಿಸಿ ನೀರು ಹಾಕಿದ್ದರು. ಗೋಡೆಗೆ ತೆರೆ ಕಟ್ಟಿ, ಅದರ ಮುಂದೆಯೇ ಮಾವಿನ ಕ್ರೇಟುಗಳನ್ನು ಜೋಡಿಸಿ, ಹಲಗೆ ಹಾಸಿ ಒಂದು ವೇದಿಕೆ ಮಾಡಿದ್ದರು. ಸಿನಿಮಾಕ್ಕೆ ವೇದಿಕೆ ಏತಕ್ಕೆ ಎಂದೆ. ವೇದಿಕೆ ಇಲ್ಲದೆ ಕಾರ್ಯಕ್ರಮ ಅನ್ನುತ್ತಾರಾ ಮೇಷ್ಟ್ರೇ ಎಂದರು ಭಾವ. ಭಾಷಣ, ಹಾರ, ಶಾಲು ಯಾವುದೂ ಬೇಡ ಎಂದು ಕೈಮುಗಿದು ಕೇಳಿಕೊಂಡೆ. ಅವರು ನನ್ನ ಬೆನ್ನು ತಟ್ಟಿ, "ಸಿನಿಮಾಕ್ಕೆ ಮುಂಚೆ ಏನೂ ಇರಲ್ಲ, ಸರಿನಾ?" ಎಂದರು. ನನಗಾದ ಸಂತೋಷದಲ್ಲಿ ‘ಮುಂಚೆ’ ಎಂಬ ಮಾತಿನ ಕಡೆ ಗಮನ ಹೋಗಲಿಲ್ಲ.

ಹೆಂಡತಿ ಎರಡನೆಯ ಸಾಲಿನಲ್ಲಿ ಅಕ್ಕ, ಅತ್ತಿಗೆ, ಚಿಕ್ಕಮ್ಮ, ಅವರ ಮಕ್ಕಳು ಎಲ್ಲರ ನಡುವೆ ಕೂತಳು. ರೇಷ್ಮೆ ಸೀರೆ ಉಟ್ಟಿದ್ದಳು. ದೇವರಾಯಸಮುದ್ರದ ಅಜ್ಜಿ ನಿಜವಾಗಿಯೂ ಮೊಮ್ಮಗಳ ಜೊತೆ ಬಸ್ಸು ಹತ್ತಿ ಬಂದು ಅವಳ ಪಕ್ಕ ಜಾಗ ಹಿಡಿದಿದ್ದರು.

ಚಿತ್ರ ಶುರುವಾಯಿತು. ಚೀನಾ ಒಂದೇ ಸಲ. ಮೈಸೂರು ಪೂರ್ತಿ. ರಷ್ಯಾ ಶಬ್ದ ಸಮೇತ. ಎಲೆಕೋಸಿನ ವಿಚಾರಕ್ಕೆ ಯಾರೂ ತಕರಾರು ತೆಗೆಯಲಿಲ್ಲ, ಇದು ಮಾವಿನ ಊರು. ದಪ್ಪ ರಾಕೆಟ್ಟು ಸಿಡಿದಾಗ ಹಿಂದಿನಿಂದ ಯಾರೋ, "ವನ್ಸ್..." ಎಂದರು. ಹೆಂಡತಿ ತಿರುಗಿ ನೋಡಿದಳು. ಮಾತು ಅಲ್ಲಿಗೇ ನಿಂತಿತು. ಎಲ್ಲ ಇಷ್ಟು ಸರಾಗವಾಗಿ ನಡೆದರೆ ನನಗೆ ಭಯವಾಗುತ್ತದೆ. ಪ್ರೊಜೆಕ್ಟರಿನ ಹತ್ತಿರ ಹೋಗಿ ನಿಂತೆ.

ಕಡಲು ಬಂತು. ತೆಂಗು ಬಂತು. ಸೈಕಲ್ಲು ಬಂತು. ಸೈಕಲ್ಲು ತಿರುವಿನತ್ತ ಹೋಗುವಾಗ ಮೈಕು ಕೊರ್ ಎಂದಿತು. ಭಾಯಿ ಮೈಕ್ ಕೊಟ್ಟಿರಲಿಲ್ಲ. ಭಾವ ಮಂಡಿಯ ಹರಾಜು ಕೂಗುವ ಸ್ವಂತ ಮೈಕ್ ಇಟ್ಟುಕೊಂಡಿದ್ದರು.

"ಈ ಚಿತ್ರಕ್ಕೆ ಧ್ವನಿ ಕೊಟ್ಟ ನಮ್ಮೂರ ಅಳಿಯಂದಿರು ದಯವಿಟ್ಟು ವೇದಿಕೆಗೆ ಬರಬೇಕು."

ಇಬ್ಬರು ಬಂದು ನನ್ನ ಎರಡು ತೋಳು ಹಿಡಿದರು. ಈಗ ಬೇಡ, ಒಂದು ನಿಮಿಷ ಎಂದರೆ ಅದನ್ನು ವಿನಯ ಎಂದುಕೊಂಡು ಇನ್ನೂ ಗಟ್ಟಿಯಾಗಿ ಹಿಡಿದರು. ತೆರೆಯ ಎದುರಿಗೆ ನಿಲ್ಲಿಸಿ ತಲೆಗೆ ಪೇಟ ಇಟ್ಟರು, ಶಾಲು ಹೊದಿಸಿದರು, ಮೊಣಕಾಲು ಮುಟ್ಟುವ ಹಾರ ಹಾಕಿದರು, ಹಣ್ಣಿನ ತಟ್ಟೆ ಕೈಗಿಟ್ಟರು. ಫೋಟೋಕ್ಕೆಂದು ಅರ್ಧ ಬಂಧುಬಳಗ ಕ್ರೇಟುಗಳ ಮೇಲೆ ಹತ್ತಿ ನಿಂತಿತು. ನಡುವೆ ಬಿಳಿ ಜುಬ್ಬಾದಲ್ಲಿ ಭಾವ. ಪ್ರೊಜೆಕ್ಟರಿನ ಬೆಳಕು ಕಣ್ಣಿಗೆ ಹೊಡೆದು ನನಗೆ ಏನೂ ಕಾಣಿಸಲಿಲ್ಲ. ಆಮೇಲೆ ಬೆಳಕು ಆರಿ ಕತ್ತಲಾಯಿತು, ಭಾವನ ಜುಬ್ಬಾದ ಮೇಲೆ ಏನೋ ಬೆಳ್ಳಗೆ ಹರಿದಾಡಿತು. ಪೇಟ ಹಿಡಿದುಕೊಂಡು ಹಿಂದೆ ತಿರುಗುವಷ್ಟರಲ್ಲಿ ತೆರೆ ಬರಿದಾಗಿತ್ತು. ಭಾವ ಮೈಕಿನಲ್ಲಿ, ಎಲ್ಲರಿಗೂ ಧನ್ಯವಾದ ಎಂದರು. ಭಾಯಿ ಬಗ್ಗಿ ವೈರಿಗೆ ಕೈಹಾಕಿದರು.

ನಾನು ಹೆಂಡತಿಯ ಕಡೆ ನೋಡಿದೆ. ಇಷ್ಟು ಊರು ತಿರುಗಿ, ಕೊನೆಗೆ ಇವಳ ತವರಿನಲ್ಲೇ ಹೀಗಾಯಿತಲ್ಲ. ಹಣ್ಣಿನ ತಟ್ಟೆಯನ್ನು ಯಾರ ಮೇಲಾದರೂ ಎಸೆಯಬೇಕು ಅನ್ನಿಸಿತು.

ಅವಳು ಎದ್ದು ನಿಂತಳು. ಮದುವೆಯಾದಾಗಿನಿಂದ ಸಭೆಯಲ್ಲಿ ಅವಳು ಬಾಯಿ ತೆರೆದದ್ದನ್ನು ನಾನು ಕಂಡಿಲ್ಲ. ಸೆರಗು ಸರಿಮಾಡಿಕೊಂಡು, ನನ್ನ ಕ್ಲಾಸಿನ ಧ್ವನಿಗಿಂತ ಜೋರಾಗಿ ಹೇಳಿದಳು.

"ವನ್ಸ್ ಮೋರ್."

ಪಕ್ಕದ ಅಜ್ಜಿ ಕೂತಲ್ಲಿಂದಲೇ, "ಅವುನು, ವನ್ಸ್ ಮೋರ್" ಎಂದರು. ಅಕ್ಕ ಎಂದಳು, ಚಿಕ್ಕಮ್ಮ ಎಂದರು, ಆಮೇಲೆ ಮಂಡಿಗೆ ಮಂಡಿಯೇ ಎಂದಿತು. ಭಾಯಿ ವೈರು ಕೆಳಗೆ ಹಾಕಿ ನೆಟ್ಟಗೆ ನಿಂತರು. ಪಬ್ಲಿಕ್ ಕೇಳಿತ್ತು. ಹೆಂಡತಿ ವೇದಿಕೆಯ ಕಡೆ ಕೈ ತೋರಿಸಿ, "ಅಣ್ಣ, ಎಲ್ರೂ ಕೂತ್ಕೊಳಿ" ಅಂದಳು. ಪೇಟ ಇಟ್ಟವರು, ಶಾಲು ಹೊದಿಸಿದವರು, ಭಾವ, ನಾನು ಎಲ್ಲರೂ ಕ್ರೇಟಿನಿಂದ ಇಳಿದು ನೆಲದ ಮೇಲೆ ಕೂತೆವು.

ಕಡಲು, ತೆಂಗು, ಸೈಕಲ್ಲು. ಸೈಕಲ್ಲು ತಿರುವಿನಲ್ಲಿ ಮರೆಯಾಯಿತು. "ಚೇರಿನಾಡು", ಮನೆ ಸೇರಿದ ಎಂದು ಅಜ್ಜಿ ನೆಮ್ಮದಿಯಿಂದ ಹೇಳಿದ್ದು ಕೇಳಿಸಿತು. ತೆರೆ ಕಪ್ಪಗಾಯಿತು. ಕನ್ನಡ ನಿರೂಪಣೆ. ಅದರ ಕೆಳಗೆ ನನ್ನ ಹೆಸರು, ಗೋಡೆ ಅಗಲ. ಇಷ್ಟು ದೊಡ್ಡದಾಗಿ ಅದನ್ನು ನಾನೂ ನೋಡಿರಲಿಲ್ಲ. ಕಣ್ಣು ಮಿಟುಕಿಸದೆ ನೋಡಿದೆ. ಭಾವ ಅದನ್ನು ಅಕ್ಷರ ಅಕ್ಷರವಾಗಿ ಬಾಯಿಬಿಟ್ಟು ಓದಿ, ನನ್ನ ಹೆಗಲ ಮೇಲೆ ಕೈ ಹಾಕಿದರು.

ಕೋಲಾರಕ್ಕೆ ಹಿಂತಿರುಗುವಾಗ ಭಾಯಿಯ ವ್ಯಾನಿನಲ್ಲಿ ಸ್ಪೀಕರುಗಳ ಪಕ್ಕ ಕೂತಿದ್ದೆವು. ಹಾರ ಅವಳ ಮಡಿಲಲ್ಲಿತ್ತು. ಮೊದಲ ಸಲ ಪಾಪ ನಿನಗೆ ಕಾಣಿಸಲೇ ಇಲ್ಲ ಅಲ್ಲವಾ ಎಂದೆ.

"ಕಾಣಿಸ್ತು. ಪೂರ್ತಿ ಓದ್ದೆ" ಅಂದಳು.

"ಮತ್ತೆ ವನ್ಸ್ ಮೋರ್ ಯಾಕೆ?"

"ನಿಮಗೆ ಕಾಣಿಸ್ಲಿಲ್ವಲ್ಲ."

ಸ್ವಲ್ಪ ದೂರ ಹೋದ ಮೇಲೆ ಅವಳೇ ಹಾರದ ಒಂದು ಎಸಳು ಕಿತ್ತು ಹೊರಗೆ ಹಾಕುತ್ತ ಹೇಳಿದಳು, "ಅಲ್ದೆ ಮೊದಲ್ನೇ ಸಲ ನಿಮ್ಮ ಹೆಸರು ಬಂದಿದ್ದು ನಮ್ಮಣ್ಣನ ಹೊಟ್ಟೆ ಮೇಲೆ. ಹಾಗೇ ಬಿಟ್ಟಿದ್ರೆ ಆ ಹೆಸರನ್ನೂ ತಾನೇ ಮಾಡಿದ್ದು ಅಂದುಬಿಡೋನು."